ಗಿಡ್ಡ ಬೋ, ಉದ್ದ ಬೋ: ಅಳಿಯನಿಗೆ ಬೇಟೆಯ ಕಾಂಪೌಂಡ್ ಬೋ ಆರಿಸಿದ ಒಂದು ಪ್ರಕರಣ

ನನ್ನ ಅಕ್ಕನ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ, ಪಿಟ್ಸ್‌ಬರ್ಗ್ ಹತ್ತಿರ ಕೆಲಸ. ಆಟಿ ತಿಂಗಳಲ್ಲಿ ರಜೆ ಹಾಕಿ ಊರಿಗೆ ಬಂದಿದ್ದ. ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ನಮ್ಮ ಮನೆ. ಬಂದ ಎರಡನೇ ರಾತ್ರಿ, ಗಂಜಿ ಊಟ ಆದ ಮೇಲೆ, ಜಗಲಿಯಲ್ಲಿ ಕೂತು ಮೊಬೈಲ್ ತೆಗೆದು ಎರಡು ಬಿಲ್ಲಿನ ಫೋಟೊ ತೋರಿಸಿದ. "ಮಾವ, ಇದರಲ್ಲಿ ಯಾವುದು ತೆಗೊಳ್ಳಲಿ? ಅಕ್ಟೋಬರಿನಲ್ಲಿ ಅಲ್ಲಿ ಜಿಂಕೆ ಸೀಸನ್ ಶುರುವಾಗ್ತದೆ" ಅಂದ.

ನಾನು ಕಾಂಪೌಂಡ್ ಬೋ, ಅಂದರೆ ತುದಿಯಲ್ಲಿ ರಾಟೆ ಇರುವ ಬಿಲ್ಲು, ಹಿಡಿಯಲು ಶುರು ಮಾಡಿ ತುಂಬಾ ವರ್ಷ ಆಯಿತು. ಟಾರ್ಗೆಟ್ ಮಾತ್ರ. ಭಾನುವಾರ ಊರಿನ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತೇನೆ. ಬೇಟೆ ಆಡಿದವನಲ್ಲ. ಆದರೆ ಬಿಲ್ಲು ಮನುಷ್ಯನ ಮೈಗೆ ಹೊಂದಬೇಕು ಅನ್ನುವುದು ಟಾರ್ಗೆಟ್‌ಗೂ ಒಂದೇ, ಬೇಟೆಗೂ ಒಂದೇ. ಬೇಟೆಯಲ್ಲಿ ಅದು ಇನ್ನೂ ಜಾಸ್ತಿ ಮುಖ್ಯ, ಯಾಕೆಂದರೆ ಅಲ್ಲಿ ತಪ್ಪಿದ ಬಾಣ ಕಾಗದಕ್ಕೆ ಹೋಗುವುದಿಲ್ಲ, ಒಂದು ಜೀವದ ಹೊಟ್ಟೆಗೋ ಕಾಲಿಗೋ ಹೋಗುತ್ತದೆ, ಆಮೇಲೆ ಅದು ಎರಡು ದಿನ ನರಳಿ ಸಾಯುತ್ತದೆ. ಅಳಿಯನಿಗೆ ಮೊದಲು ಹೇಳಿದ್ದು ಇದನ್ನೇ. ಅವನೂ ಒಪ್ಪಿದ. ಒಪ್ಪದೇ ಇದ್ದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಅವನು ತೋರಿಸಿದ ಎರಡು ಬಿಲ್ಲು ಹೀಗಿದ್ದವು. ಒಂದು ಗಿಡ್ಡ. ಮೇಲಿನ ರಾಟೆಯ ಆಕ್ಸಲ್‌ನಿಂದ ಕೆಳಗಿನದರ ಆಕ್ಸಲ್‌ಗೆ 28.5 ಇಂಚು, ಬ್ರೇಸ್ ಹೈಟ್ (ಎಳೆಯದೇ ಇದ್ದಾಗ ಹಿಡಿಯಿಂದ ಸ್ಟ್ರಿಂಗಿಗೆ, ಅಂದರೆ ಹೆದೆಗೆ, ಇರುವ ದೂರ) 6 ಇಂಚು, 60ರಿಂದ 70 ಪೌಂಡಿನ ಲಿಂಬ್ (ಬಿಲ್ಲಿನ ತೋಳು), ಲೆಟ್ ಆಫ್ (ಪೂರ್ತಿ ಎಳೆದಾಗ ಇಳಿಯುವ ಭಾರ) ಶೇಕಡಾ 85, ಪೆಟ್ಟಿಗೆಯ ಮೇಲೆ ಬರೆದ ವೇಗ ಸೆಕೆಂಡಿಗೆ 345 ಅಡಿ. ಬರೀ ಬಿಲ್ಲಿಗೆ 1,250 ಡಾಲರ್. ಇನ್ನೊಂದು ಉದ್ದ. ಆಕ್ಸಲ್ ಲೆಕ್ಕದಲ್ಲಿ 33 ಇಂಚು, ಬ್ರೇಸ್ ಹೈಟ್ 7, 50ರಿಂದ 60 ಪೌಂಡಿನ ಲಿಂಬ್, ಲೆಟ್ ಆಫ್ 80, ವೇಗ 320 ಅಡಿ, ಬೆಲೆ 700 ಡಾಲರ್. ಅಲ್ಲಿನ ಅಂಗಡಿಯಲ್ಲಿ ಎರಡನ್ನೂ ಹತ್ತತ್ತು ಬಾಣ ಬಿಟ್ಟು ನೋಡಿದ್ದ. ಮನಸ್ಸು ಗಿಡ್ಡದರ ಮೇಲೆ. ಅಂಗಡಿಯವರೂ ಅದನ್ನೇ ಹೇಳಿದ್ದರು: ವೇಗ ಜಾಸ್ತಿ, 70 ಪೌಂಡ್, ಯಾವ ಪ್ರಾಣಿಗೂ ಸಾಕು.

ನಾನು ಅವನ ಎಡಗೈ ತಿರುಗಿಸಿ ನೋಡಿದೆ. ಮೊಣಕೈಯ ಒಳಭಾಗದಿಂದ ಕೆಳಗೆ ಅಂಗೈ ಅಗಲದ ಒಂದು ಹಳೆಯ ಪೆಟ್ಟಿನ ಗುರುತು. ನಡುವೆ ಹಳದಿ, ಅಂಚಿನಲ್ಲಿ ಹಸಿರು, ಕಳಿತ ಬಾಳೆಹಣ್ಣಿನ ಸಿಪ್ಪೆಯ ಹಾಗೆ. ಸ್ಟ್ರಿಂಗ್ ಬಡಿದದ್ದು. "ಅಂಗಡಿಯಲ್ಲಿ ಡ್ರಾ ಲೆಂತ್ ಎಷ್ಟಕ್ಕೆ ಇಟ್ಟಿದ್ದರು?" ಅಂತ ಕೇಳಿದೆ, ಅಂದರೆ ಸ್ಟ್ರಿಂಗನ್ನು ಎಷ್ಟು ಉದ್ದ ಎಳೆಯುವ ಹಾಗೆ ಇಟ್ಟಿದ್ದರು ಅಂತ. 29 ಇಂಚು ಅಂದ. ಅಳತೆ ತೆಗೆದಿದ್ದರಾ? ಇಲ್ಲ, ಎಳೆದು ನೋಡು ಅಂದರು, ಎಳೆದೆ, ಸರಿ ಇದೆ ಅಂದರು.

ಆ ಅಂಗಡಿಯವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. ಒಂದು ಟೇಪ್ ಹಿಡಿಯುವುದಕ್ಕೆ ಒಂದು ನಿಮಿಷ ಸಾಕು ಅಲ್ವಾ?

ಕಾಂಪೌಂಡ್ ಬೋ ನಮ್ಮ ಹಳೆಯ ಬಿದಿರಿನ ಬಿಲ್ಲಿನ ಹಾಗಲ್ಲ. ಕೆಡ್ಡಸದ ಬೋಂಟೆಗೆ, ಅಂದರೆ ತುಳುನಾಡಿನ ಆ ಹಬ್ಬದ ಬೇಟೆಗೆ, ಹೋಗುತ್ತಿದ್ದವರ ಕಥೆ ಅಜ್ಜ ಹೇಳುತ್ತಿದ್ದರು. ಆ ಬಿಲ್ಲು ಎಳೆದಷ್ಟೂ ಬಿಗಿಯಾಗುತ್ತಾ ಹೋಗುತ್ತದೆ, ಕೈ ನಡುಗುವ ಮೊದಲೇ ಬಿಡಬೇಕು. ಎಷ್ಟು ಎಳೆಯಬೇಕು ಅನ್ನುವುದು ಎಳೆಯುವವನಿಗೆ ಬಿಟ್ಟದ್ದು. ಕಾಂಪೌಂಡಿನಲ್ಲಿ ಸಾಮಾನ್ಯವಾಗಿ ಎರಡು ತುದಿಗೂ ಕ್ಯಾಮ್ ಇರುತ್ತದೆ, ಅಂದರೆ ವೃತ್ತ ಅಲ್ಲದ ರಾಟೆ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಅನ್ನುವವರು 1966ರಲ್ಲಿ ಈ ಬಿಲ್ಲಿನ ಪೇಟೆಂಟಿಗೆ ಅರ್ಜಿ ಹಾಕಿದ್ದು, 1969ರಲ್ಲಿ ಸಿಕ್ಕಿತು. ಮೊದಲು ಬಿಗಿ, ಆಮೇಲೆ ರಾಟೆ ತಿರುಗಿ ಭಾರ ಇಳಿಯುತ್ತದೆ. ಅದೇ ಲೆಟ್ ಆಫ್. 60 ಪೌಂಡಿನ ಬಿಲ್ಲು 80 ಶೇಕಡಾ ಇಳಿದರೆ ಪೂರ್ತಿ ಎಳೆದಾಗ ಕೈಯಲ್ಲಿ ಉಳಿಯುವುದು 12 ಪೌಂಡ್ ಮಾತ್ರ. ಆದರೆ ರಾಟೆ ಒಂದು ಜಾಗದಲ್ಲಿ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಆ ಜಾಗ ನಿಮ್ಮ ಕೈಯ ಉದ್ದಕ್ಕೆ ಸರಿಯಾಗಿ ಇರಬೇಕು. ಜಾಸ್ತಿ ಇದ್ದರೆ ನೀವು ಹಿಂದಕ್ಕೆ ಬಾಗುತ್ತೀರಿ, ತಲೆ ಹಿಂದೆ ಹೋಗುತ್ತದೆ, ಎಡಮೊಣಕೈ ಬಿಗಿದು ಒಳಗೆ ತಿರುಗುತ್ತದೆ, ಸ್ಟ್ರಿಂಗ್ ಬಂದು ಕೈಗೆ ಬಡಿಯುತ್ತದೆ.

ಮರುದಿನ ಬೆಳಿಗ್ಗೆ ಅವನನ್ನು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಲ್ಲಿಸಿದೆ. ಅಕ್ಕ ತನ್ನ ಹೊಲಿಗೆಯ ಟೇಪ್ ತಂದಳು. ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಗೆ 68.5 ಇಂಚು. ಅದನ್ನು 2.5ರಿಂದ ಭಾಗಿಸಿದರೆ 27.4. ಅಂದರೆ ಅವನ ಡ್ರಾ ಲೆಂತ್ 27.5ರ ಆಸುಪಾಸು. ಅಂಗಡಿಯವರು ಒಂದೂವರೆ ಇಂಚು ಜಾಸ್ತಿ ಇಟ್ಟಿದ್ದರು. ಈ ಲೆಕ್ಕ ಅಂದಾಜು, ಕೊನೆಗೆ ಎಳೆದು ನೋಡಿಯೇ ಕಾಲು ಇಂಚು ಅರ್ಧ ಇಂಚು ಹಿಂದೆ ಮುಂದೆ ಮಾಡಬೇಕು, ಆದರೆ ಒಂದೂವರೆ ಇಂಚು ತಪ್ಪುವುದಿಲ್ಲ.

ಅವನು ಊರಲ್ಲಿ ಇದ್ದದ್ದು ಮೂರು ವಾರ. ಆ ಎರಡು ಬಿಲ್ಲು ಇದ್ದದ್ದು ಪೆನ್ಸಿಲ್ವೇನಿಯಾದಲ್ಲಿ. ಆದರೆ ನನ್ನ ಹತ್ತಿರ ಹೊಸಬರಿಗೆ ಕಲಿಸುವ ಒಂದು ಕಾಂಪೌಂಡ್ ಇದೆ, ಡ್ರಾ ಲೆಂತ್ ಬೇಕಾದಷ್ಟಕ್ಕೆ ಸರಿಸಬಹುದು, 70 ಪೌಂಡಿನವರೆಗೆ ಬಿಗಿಸಬಹುದು. ಬಿಲ್ಲನ್ನು ಇಲ್ಲಿ ಆರಿಸಲು ಆಗದಿದ್ದರೂ ಅಳತೆಯನ್ನು ಇಲ್ಲೇ ಹುಡುಕಬಹುದು ಅಂತ ನಿರ್ಧಾರ ಮಾಡಿದೆವು.

ಮನೆಯ ಹಿಂದೆ ಹತ್ತು ಅಡಿ ಎತ್ತರದ ಮುರಕಲ್ಲಿನ ದರೆ ಇದೆ. ಅದರ ಮುಂದೆ ಬೈಹುಲ್ಲಿನ ದಪ್ಪ ಕಟ್ಟು, ಅದಕ್ಕೂ ಮುಂದೆ ಫೋಮ್ ಟಾರ್ಗೆಟ್. ಆ ಕಡೆ ದಾರಿ ಇಲ್ಲ, ಆದರೂ ಗೇಟಿಗೆ ಬೀಗ ಹಾಕಿ, ಅಕ್ಕನನ್ನು ಒಳಗೆ ಕೂರಿಸಿಯೇ ಶುರು ಮಾಡುತ್ತಿದ್ದೆವು. ಟಾರ್ಗೆಟ್ ಮೇಲೆ ಕಾಗದದ ವೃತ್ತ ಅಂಟಿಸಲಿಲ್ಲ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ. ಮನೆಯಲ್ಲಿ ಯಾವುದೋ ಊಟಕ್ಕೆ ತಂದು ಉಳಿದ ಅಡಿಕೆ ಹಾಳೆಯ ತಟ್ಟೆಗಳಿದ್ದವು, ಅದೂ ಸರಿಯಾಗಿ 8 ಇಂಚು. ಅದನ್ನೇ ಮೊಳೆ ಹೊಡೆದು ನಿಲ್ಲಿಸಿದೆವು.

ಮೊದಲ ದಿನ ಬೇಕಂತಲೇ ಅಂಗಡಿಯ ಅಳತೆ ಇಟ್ಟೆ. 29 ಇಂಚು, 65 ಪೌಂಡ್. 20 ಗಜದಿಂದ 20 ಬಾಣ. 11 ಬಾಣ ತಟ್ಟೆಗೆ ಬಿತ್ತು. ಉಳಿದದ್ದು ಎಡಕ್ಕೆ, ಮೇಲಕ್ಕೆ, ಒಂದು ಬೈಹುಲ್ಲಿಗೆ. ಹದಿನೈದನೇ ಬಾಣದ ಹೊತ್ತಿಗೆ ಬಲಭುಜ ಹಿಡಿದುಕೊಂಡು ನಿಂತ. ಮರುದಿನ 27.5ಕ್ಕೆ ತಂದೆ, ಪೌಂಡ್ ಅಷ್ಟೇ ಇಟ್ಟೆ. 15 ಬಿತ್ತು. ಕೈಗೆ ಒಂದು ಸಲವೂ ಬಡಿಯಲಿಲ್ಲ. ಅವನ ಮುಖ ನೋಡಬೇಕಿತ್ತು.

ಆಮೇಲೆ ಪೌಂಡಿನ ಪ್ರಶ್ನೆ. ಇಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ವಾದ ಆಯಿತು. 70 ಪೌಂಡ್ ಎಳೆಯಲು ಆಗದಿದ್ದರೆ ಗಂಡಸೇ ಅಲ್ಲ ಅನ್ನುವ ಹಾಗೆ ಅವನ ಆಫೀಸಿನ ಗೆಳೆಯರು ಮಾತಾಡುತ್ತಾರಂತೆ. ನಾನು ಅವನಿಗೆ ಹಾಂಗ್‌ಝೌ ನೆನಪು ಮಾಡಿದೆ. 2023ರಲ್ಲಿ ನಡೆದ ಆ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡಿನ 5 ಚಿನ್ನವನ್ನೂ ನಮ್ಮವರೇ ಗೆದ್ದರು. ಓಜಸ್ ದೇವತಳೆ ಮೂರು, ಜ್ಯೋತಿ ಸುರೇಖಾ ಮೂರು ಚಿನ್ನ. ಆ ಸ್ಪರ್ಧೆಯ ನಿಯಮದಲ್ಲಿ 60 ಪೌಂಡಿಗಿಂತ ಜಾಸ್ತಿ ಬಿಗಿ ಇಡುವ ಹಾಗೇ ಇಲ್ಲ. 50 ಮೀಟರಿಗೆ ಅಷ್ಟೇ ಸಾಕಾಗುತ್ತದೆ. ಪೆನ್ಸಿಲ್ವೇನಿಯಾದ ಕಾನೂನು ಜಿಂಕೆಗೆ ಕೇಳುವುದು ಕನಿಷ್ಠ 35 ಪೌಂಡ್.

ಮಾತಿಗಿಂತ ಕುರ್ಚಿ ಚೆನ್ನಾಗಿ ಹೇಳಿತು. ಜಿಂಕೆ ಬೇಟೆ ಅಂದರೆ ಮರದ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದು, ಅದೂ ಅಕ್ಟೋಬರ್ ನವೆಂಬರಿನ ಚಳಿಯಲ್ಲಿ, ಮೂರು ಪದರ ಬಟ್ಟೆ ಹಾಕಿಕೊಂಡು. ಪ್ರಾಣಿ ಬಂದಾಗ ಮೈ ಬಿಸಿ ಇರುವುದಿಲ್ಲ. ಹಾಗಾಗಿ ಅವನನ್ನು ಹಿಂದಿನ ಚಾವಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಪ್ಪ ಜಾಕೆಟ್ ಹಾಕಿಸಿ ಕೂರಿಸಿದೆ. ಹೊರಗೆ ಮಳೆ ಸುರಿಯುತ್ತಿತ್ತು. 25 ನಿಮಿಷ ಮಾತಿಲ್ಲ, ಮೊಬೈಲ್ ಇಲ್ಲ. ಆಮೇಲೆ ಕೂತಲ್ಲೇ, ಬಿಲ್ಲನ್ನು ಟಾರ್ಗೆಟ್ ಕಡೆಗೇ ಹಿಡಿದು, ನೇರ ಹಿಂದಕ್ಕೆ ಎಳೆ ಅಂದೆ. 65ರಲ್ಲಿ ಆಗಲಿಲ್ಲ. ಬಿಲ್ಲನ್ನು ಆಕಾಶಕ್ಕೆ ಎತ್ತಿ, ಸೊಂಟ ತಿರುಗಿಸಿ, ಹಲ್ಲು ಕಚ್ಚಿ ಎಳೆದ. ಆ ಒದ್ದಾಟ ನೋಡಿದರೆ ಯಾವ ಜಿಂಕೆ ನಿಲ್ಲುತ್ತದೆ? ಲಿಂಬ್ ಬೋಲ್ಟ್ ಸಡಿಲ ಮಾಡುತ್ತಾ ಬಂದೆ. 62ರಲ್ಲಿ ಎಳೆದ, ಆದರೆ ಕೈ ಸ್ವಲ್ಪ ಮೇಲೆ ಹೋಯಿತು. 57ರಲ್ಲಿ ಬೆಣ್ಣೆ ತೆಗೆದ ಹಾಗೆ ಹಿಂದಕ್ಕೆ ಬಂತು. ಪೂರ್ತಿ ಎಳೆದ ಮೇಲೆ ಒಂದು ನಿಮಿಷ ಹಿಡಿದುಕೊ ಅಂದೆ, ಹಿಡಿದ. ಆಮೇಲೆ ಬಾಣ ಬಿಡದೆ ನಿಧಾನ ಇಳಿಸು ಅಂದೆ, ಇಳಿಸಿದ. ಈ ಇಳಿಸುವುದನ್ನು ತುಂಬಾ ಜನ ಅಭ್ಯಾಸವೇ ಮಾಡುವುದಿಲ್ಲ. ಬೇಟೆಯಲ್ಲಿ ಎಷ್ಟೋ ಸಲ ಬಾಣ ಬಿಡದೆ ಇಳಿಸಬೇಕಾಗುತ್ತದೆ.

27.5 ಇಂಚು, 57 ಪೌಂಡ್. ಆ ಅಳತೆಯಲ್ಲಿ 20ಕ್ಕೆ 19 ತಟ್ಟೆಗೆ ಬಿತ್ತು.

ಈಗ ಎರಡು ಬಿಲ್ಲಿಗೆ ಈ ಅಳತೆ ಇಟ್ಟು ಲೆಕ್ಕ ಮಾಡಿದೆವು. ಪೆಟ್ಟಿಗೆಯ ಮೇಲೆ ಬರೆಯುವ ವೇಗ 70 ಪೌಂಡ್, 30 ಇಂಚು ಡ್ರಾ, 350 ಗ್ರೇನಿನ (ಗ್ರೇನ್ ಅಂದರೆ ಬಾಣದ ತೂಕದ ಸಣ್ಣ ಅಳತೆ) ಹಗುರ ಬಾಣಕ್ಕೆ. ಅಳಿಯನ ಕೈ 30 ಇಂಚು ಆಗುವುದಿಲ್ಲ. ಸಾಮಾನ್ಯವಾಗಿ ಡ್ರಾ ಒಂದು ಇಂಚು ಕಡಿಮೆ ಆದರೆ 10 ಅಡಿ, ಒಂದು ಪೌಂಡ್ ಕಡಿಮೆ ಆದರೆ 2 ಅಡಿ, ಬಾಣ ಮೂರು ಗ್ರೇನ್ ಜಾಸ್ತಿ ಆದರೆ 1 ಅಡಿ ಕಳೆಯುತ್ತಾರೆ, ಪೀಪ್ (ಸ್ಟ್ರಿಂಗಿನಲ್ಲಿ ಗುರಿ ನೋಡುವ ತೂತು) ಮತ್ತು ಲೂಪಿಗೆ (ಸ್ಟ್ರಿಂಗಿಗೆ ಕಟ್ಟುವ ಕುಣಿಕೆ) ಇನ್ನೊಂದು 5. ಬಾಣ 420 ಗ್ರೇನ್ ಇಟ್ಟುಕೊಂಡೆವು. ಗಿಡ್ಡ ಬೋ 60ಕ್ಕಿಂತ ಕೆಳಗೆ ಬರುವುದಿಲ್ಲ, ಹಾಗಾಗಿ ಅದನ್ನು ಅವನು ಹೇಗೋ ಎಳೆದ 62 ಪೌಂಡಿಗೆ ಇಟ್ಟರೆ 276 ಅಡಿ ಬರುತ್ತದೆ. ಉದ್ದ ಬೋ 57ಕ್ಕೆ 241 ಅಡಿ. ಅಳಿಯ ಪೆನ್ನು ಕೆಳಗಿಟ್ಟು, "35 ಅಡಿ ವ್ಯತ್ಯಾಸ ಉಂಟಲ್ಲ ಮಾವ" ಅಂದ.

ಉಂಟು. ಆದರೆ 20 ಗಜ ಅಂದರೆ 60 ಅಡಿ. ಮೊದಲನೆಯದರ ಬಾಣ ಅಲ್ಲಿಗೆ ತಲುಪಲು ಸುಮಾರು 0.22 ಸೆಕೆಂಡ್, ಎರಡನೆಯದಕ್ಕೆ 0.25. ಶಬ್ದ ಅದೇ ದೂರವನ್ನು ಸುಮಾರು 0.05 ಸೆಕೆಂಡಿನಲ್ಲಿ ಹೋಗುತ್ತದೆ. ಅಂದರೆ ಯಾವ ಬಿಲ್ಲಾದರೂ ಬಾಣಕ್ಕಿಂತ ಮೊದಲು ಸ್ಟ್ರಿಂಗಿನ ಸದ್ದು ಜಿಂಕೆಯ ಕಿವಿಗೆ ಮುಟ್ಟುತ್ತದೆ. ಬೆದರಿದ ಜಿಂಕೆ ಓಡಲು ಮೊದಲು ಮೈ ಕುಗ್ಗಿಸಿ ಕೆಳಗೆ ಹೋಗುತ್ತದೆ, ಬಾಣ ಬೆನ್ನ ಮೇಲೆ ಹೋಗುವುದು ಹಾಗೆ. 0.03 ಸೆಕೆಂಡಿನಿಂದ ಇದು ನಿಲ್ಲುವುದಿಲ್ಲ. ಸದ್ದು ಕಡಿಮೆ ಇರಬೇಕು, ಹತ್ತಿರ ಇರಬೇಕು, ಜಿಂಕೆ ತಲೆ ತಗ್ಗಿಸಿ ಮೇಯುತ್ತಿರಬೇಕು.

ವೇಗದಿಂದ ನಿಜವಾದ ಲಾಭ ದೂರದ ಅಂದಾಜು ತಪ್ಪಿದಾಗ. 25 ಗಜ ಅಂದುಕೊಂಡು ಬಿಟ್ಟದ್ದು 30 ಗಜ ಇದ್ದರೆ, ಗಿಡ್ಡ ಬೋ ಬಾಣ ಮೂರೂವರೆ ಇಂಚು ಕೆಳಗೆ ಬೀಳುತ್ತದೆ, ಉದ್ದ ಬೋ ಬಾಣ ನಾಲ್ಕೂವರೆ ಇಂಚು. ತಟ್ಟೆಯ ನಡುವಿನಿಂದ ಅಂಚಿಗೆ 4 ಇಂಚು. ಹಾಗಾಗಿ ಆ ಒಂದು ಇಂಚು ಸಣ್ಣದಲ್ಲ, ಅಳಿಯ ಅದನ್ನು ಹಿಡಿದು ಕೂತದ್ದೂ ಸರಿಯೇ. ಆದರೆ ದೂರ ಅಳೆಯುವ ರೇಂಜ್‌ಫೈಂಡರ್ ಇದ್ದರೆ 25 ಮತ್ತು 30ರ ಗೊಂದಲವೇ ಇಲ್ಲ, ಮತ್ತು ಎರಡು ಬಿಲ್ಲಿನ ಬೆಲೆಯ ನಡುವೆ 550 ಡಾಲರ್ ಇತ್ತು.

ಹೊಡೆತದ ಬಲವನ್ನೂ ನೋಡಿದೆವು. ಬಾಣದ ಗ್ರೇನನ್ನು ವೇಗದ ವರ್ಗದಿಂದ ಗುಣಿಸಿ 450,240ರಿಂದ ಭಾಗಿಸಬೇಕು. ಗಿಡ್ಡದಕ್ಕೆ 71 ಫುಟ್‌ಪೌಂಡ್, ಉದ್ದದ್ದಕ್ಕೆ 54. ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯಲ್ಲಿ ಜಿಂಕೆಗೆ 25ರಿಂದ 41 ಸಾಕು. 54 ಅಂದರೆ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಗೂ ನಡೆಯುತ್ತದೆ. ಅದಕ್ಕಿಂತ ಮೇಲಿನ ಬಲ ಜಿಂಕೆಯ ಆಚೆ ಮಣ್ಣಿಗೆ ಹೋಗುತ್ತದೆ ಅಷ್ಟೇ.

ಇನ್ನು ಬ್ರೇಸ್ ಹೈಟ್. ಅದು ಕಡಿಮೆ ಇದ್ದಷ್ಟೂ ಸ್ಟ್ರಿಂಗ್ ಬಾಣವನ್ನು ಹೆಚ್ಚು ದೂರ ತಳ್ಳುತ್ತದೆ, ವೇಗ ಬರುವುದು ಅಲ್ಲಿಂದ. ಅಷ್ಟೂ ಹೊತ್ತು ಕೈ ಅಲುಗಿದರೆ ಬಾಣಕ್ಕೆ ಗೊತ್ತಾಗುತ್ತದೆ. ಹೊಸಬನಿಗೆ 7 ಇಂಚು ಒಳ್ಳೆಯದು. ಉದ್ದ ಬಿಲ್ಲು ಕೈಯಲ್ಲಿ ಬೇಗ ನಿಲ್ಲುತ್ತದೆ, ಗುರಿ ಹಿಡಿಯುವ ಸೈಟ್ ಪಿನ್ ಅಲೆದಾಡುವುದು ಕಡಿಮೆ. ಗಿಡ್ಡ ಬೋ ಪರವಾಗಿಯೂ ಹೇಳಬೇಕಾದ್ದಿದೆ: ನೆಲದ ಮೇಲೆ ಡೇರೆಯಂಥ ಮರೆಯಲ್ಲಿ ಕೂತು ಬಿಡುವವರಿಗೆ ಆ ನಾಲ್ಕೂವರೆ ಇಂಚು ತುಂಬಾ ಅನುಕೂಲ, ಬಟ್ಟೆಗೆ ತಾಗುವುದಿಲ್ಲ. ಲೆಟ್ ಆಫ್ ಕೂಡ ಅದರದ್ದೇ ಮೇಲು. ಅಳಿಯ ಕೂರುವುದು ಮರದ ಮೇಲೆ, ಗೆಳೆಯನ ಜಾಗದಲ್ಲಿ.

ಮರದ ಮೇಲಿನಿಂದ ಬಿಡುವುದನ್ನು ಅಭ್ಯಾಸ ಮಾಡಲು ತಾರಸಿಗೆ ಹತ್ತಿದೆವು, ನೆಲದಿಂದ 15 ಅಡಿ. ಕೆಳಗೆ ಬಿಡುವಾಗ ಎಲ್ಲರೂ ಬಿಲ್ಲು ಹಿಡಿದ ಕೈಯನ್ನು ಮಾತ್ರ ಇಳಿಸುತ್ತಾರೆ, ಆಗ ಡ್ರಾ ಲೆಂತ್ ಕೆಡುತ್ತದೆ, ಕಣ್ಣು ಪೀಪಿನಿಂದ ಸರಿಯುತ್ತದೆ. ಮೊದಲು ನೇರ ಎಳೆದು, ಆಮೇಲೆ ಸೊಂಟದಿಂದ ಬಾಗಬೇಕು. ಅವತ್ತು ಮಳೆ ನಿಂತು ಹನಿ ಇತ್ತು. ಎಳೆದು ನಿಂತವನು, "ಏನೂ ಕಾಣ್ತಾ ಇಲ್ಲ ಮಾವ" ಅಂದ. ಇಳಿಸಿ ನೋಡಿದರೆ ಪೀಪಿನ ತೂತಿನಲ್ಲಿ ಒಂದು ಮಳೆಹನಿ ಕನ್ನಡಕದ ಗಾಜಿನ ಹಾಗೆ ಕೂತಿತ್ತು. ಬಾಯಿಯಿಂದ ಊದಿದ ಮೇಲೆ ಹೋಯಿತು. ಆ ಒಂದು ಹನಿಯಿಂದ ಕಾಲು ಇಂಚಿನ ದೊಡ್ಡ ಪೀಪ್ ಹಾಕಿಸುವುದು ಅಂತ ತೀರ್ಮಾನ ಆಯಿತು. ನಸುಕಿನ ಮಬ್ಬಿನಲ್ಲೂ ಅದೇ ಒಳ್ಳೆಯದು.

ನಡುವೆ ಪಕ್ಕದ ತೋಟದವರು ಬಂದು ನೋಡುತ್ತಾ ನಿಂತಿದ್ದರು. "ಇದು ಹಂದಿಗೆ ಆಗ್ತದಾ ಮಾರಾಯ್ರೆ? ರಾತ್ರಿ ಬಂದು ಗೆಡ್ಡೆ ಎಲ್ಲಾ ಅಗೆದು ಹಾಕ್ತಾವೆ" ಅಂದರು. ಅವರ ನಷ್ಟ ನನಗೆ ಗೊತ್ತಿದೆ, ನಮ್ಮ ತೋಟದಲ್ಲೂ ಅದೇ ಕಥೆ. ಆದರೂ ಸ್ಪಷ್ಟವಾಗಿ ಹೇಳಿದೆ, ಆಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ನಿಷೇಧ, ಮತ್ತು ಆ ಕಾಯ್ದೆ ಆಯುಧ ಅಂದರೆ ಏನು ಅಂತ ಹೇಳುವಲ್ಲಿ ಬಂದೂಕಿನ ಜೊತೆಗೆ ಬಿಲ್ಲು ಬಾಣದ ಹೆಸರೂ ಇದೆ. ಶಬ್ದ ಬರುವುದಿಲ್ಲ, ಲೈಸೆನ್ಸ್ ಬೇಡ, ಯಾರಿಗೂ ಗೊತ್ತಾಗುವುದಿಲ್ಲ ಅಂತ ಕೆಲವರು ತಿಳಿದುಕೊಂಡಿದ್ದಾರೆ, ಅದು ತಪ್ಪು. ಬೆಳೆ ಹೋದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕು. ಅವರ ಮಗನಿಗೆ ಬಿಲ್ಲಿನ ಮೇಲೆ ಆಸೆ ಇದ್ದರೆ ಭಾನುವಾರ ಕಳಿಸಿ ಅಂದೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊದಲ ಸಲ ಬರುತ್ತಿದೆ. ಹುಡುಗ ಈಗ ಬರುತ್ತಿದ್ದಾನೆ.

ಪೆನ್ಸಿಲ್ವೇನಿಯಾದಲ್ಲಿ ಬೇಟೆಗೆ ತರಬೇತಿ ಮುಗಿಸಬೇಕು, ಲೈಸೆನ್ಸ್ ಬೇಕು, ಸೀಸನ್ ಇದೆ. ಬಾಣದ ಬ್ರಾಡ್‌ಹೆಡ್, ಅಂದರೆ ಬೇಟೆಯ ಅಲಗಿನ ಮೊನೆ, ಕೂಡ ಕನಿಷ್ಠ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಎಂಟರಲ್ಲಿ ಏಳು ಇಂಚು ಅಗಲ ಕತ್ತರಿಸಬೇಕು. ಅಳಿಯ ತರಬೇತಿ ಮುಗಿಸಿದ್ದ.

ಆಗಸ್ಟ್ ಕೊನೆಗೆ ಅವನು ವಾಪಸ್ ಹೋಗಿ ಅಂಗಡಿಯಿಂದಲೇ ವಿಡಿಯೊ ಕಾಲ್ ಮಾಡಿದ. ಈ ಸಲ ಬೇರೆ ಅಂಗಡಿ. ಅಲ್ಲಿನವರು ಟೇಪ್ ಹಿಡಿದೇ ಶುರು ಮಾಡಿದರು, 27.5 ಅಂದರು. ಉದ್ದ ಬೋ ತೆಗೆದುಕೊಂಡ. ಉಳಿದ 550 ಡಾಲರಿನಲ್ಲಿ ರೇಂಜ್‌ಫೈಂಡರ್, ಸ್ಟ್ರಿಂಗ್ ಹಿಡಿದು ಬಿಡುವ ಒಳ್ಳೆಯ ರಿಲೀಸ್, ಒಂದು ಡಜನ್ ಬಾಣ, ಮತ್ತು ನಾನು ಹಟ ಹಿಡಿದು ಮೊದಲೇ ಕೊಳ್ಳಿಸಿದ್ದು ಮರದ ಮೇಲೆ ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟ್. ಸೆಪ್ಟೆಂಬರ್ ಪೂರ್ತಿ ದಿನಕ್ಕೆ 20 ಬಾಣ, ಕೊನೆಯ ಎರಡು ವಾರ ಬ್ರಾಡ್‌ಹೆಡ್ ಹಾಕಿಯೇ. ಅಭ್ಯಾಸದ ಮೊನೆ ಹೋಗುವ ಜಾಗಕ್ಕೇ ಅಲಗಿನ ಮೊನೆ ಹೋಗುತ್ತದೆ ಅಂತ ನಂಬಬಾರದು. ಅವನದ್ದು ಎರಡು ಇಂಚು ಎಡಕ್ಕೆ ಹೋಗುತ್ತಿತ್ತು, ಬಾಣ ಕೂರುವ ರೆಸ್ಟ್ ಕೂದಲೆಳೆಯಷ್ಟು ಸರಿಸಿದ ಮೇಲೆ ಸರಿಯಾಯಿತು.

ಅಕ್ಟೋಬರ್ ಮಧ್ಯದಲ್ಲಿ ಒಂದು ರಾತ್ರಿ ಫೋನ್ ಮಾಡಿದ. ಅಲ್ಲಿ ಬೆಳಿಗ್ಗೆ. ಹೆಣ್ಣು ಜಿಂಕೆಯೊಂದು 19 ಗಜದಲ್ಲಿ ಬಂದು ನಿಂತಿತ್ತಂತೆ. ಎಳೆದ. ಅದು ಎದೆ ಇವನ ಕಡೆ ಕೊಟ್ಟು ನಿಂತಿತು, ತಿರುಗಲೇ ಇಲ್ಲ. ಎದುರಿನಿಂದ ಬಿಡಬಾರದು ಅಂತ ನಾವು ಮಾತಾಡಿಕೊಂಡಿದ್ದೆವು. ಮನಸ್ಸಿನಲ್ಲೇ ಎಣಿಸುತ್ತಾ ನಲವತ್ತರವರೆಗೆ ಹಿಡಿದ, ಆಮೇಲೆ ನಿಧಾನ ಇಳಿಸಿದ. ಜಿಂಕೆ ತಲೆ ಎತ್ತಲೂ ಇಲ್ಲ, ಮೇಯುತ್ತಾ ಹೋಯಿತು. "ಕೈ ನಡುಗಲಿಲ್ಲ ಮಾವ" ಅಂದ. ನನಗೆ ಕಣ್ಣು ತುಂಬಿತು.

ನವೆಂಬರ್ ಮೊದಲ ವಾರ 17 ಗಜದಲ್ಲಿ ಇನ್ನೊಂದು ಪಕ್ಕೆ ಕೊಟ್ಟು ನಿಂತಿತು. ಬಾಣ ಆಚೆ ಪಾರಾಗಿ ಮಣ್ಣಿಗೆ ಹೊಕ್ಕಿತ್ತು. ಜಿಂಕೆ ಐವತ್ತು ಹೆಜ್ಜೆ ಓಡಿ ಬಿತ್ತು. ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ: "ತುಂಬಾ ಹೊತ್ತು ನೋವು ಪಟ್ಟಿತಾ ಮಗಾ?" ಇಲ್ಲ ಅಮ್ಮ, ಹತ್ತು ಸೆಕೆಂಡ್ ಆಗಿರಬಹುದು ಅಂದ. ಮಾಂಸವನ್ನು ಜಾಗ ಕೊಟ್ಟ ಗೆಳೆಯನ ಮನೆಯವರೂ ಇವನೂ ಹಂಚಿಕೊಂಡರು.

ಬಿಲ್ಲು ಇನ್ನೂ 57ರಲ್ಲೇ ಇದೆ. ಈ ವರ್ಷ 59 ಮಾಡಲಾ ಅಂತ ಕೇಳಿದ್ದಾನೆ. ಜಾಕೆಟ್ ಹಾಕಿಕೊಂಡು 25 ನಿಮಿಷ ಕುರ್ಚಿಯಲ್ಲಿ ಕೂತು, ಆಮೇಲೆ ಎಳೆದು ವಿಡಿಯೊ ಕಳಿಸು ಅಂದಿದ್ದೇನೆ.